ಕಾವೇರಿ ಮನೆಗೆ ಬಂದ ಮೇಲೆ

ಇಲ್ಲಿ ಮಾತಾಡುವ ಇಬ್ಬರೂ ನನ್ನ ಹತ್ತಿರದವರು. ಒಬ್ಬರು ತರೀಕೆರೆಯಲ್ಲಿರುವ ಅಕ್ಕ. ವಯಸ್ಸು ಎಪ್ಪತ್ತರ ಹತ್ತಿರ, ಹೈಸ್ಕೂಲಿನಲ್ಲಿ ಅಂಟಿಸಿಕೊಂಡ ಕಾದಂಬರಿಯ ಚಟ ಇನ್ನೂ ಬಿಟ್ಟಿಲ್ಲ. ಇನ್ನೊಬ್ಬಳು ಅಜ್ಜಂಪುರದ ತಂಗಿಯ ಮಗಳು. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದಿದ್ದಾಳೆ. ತಿಂಗಳಿಗೊಮ್ಮೆ ಶಿವಮೊಗ್ಗಕ್ಕೆ ಹೋಗಿ ಮನೋವೈದ್ಯರನ್ನು ಕಂಡು, ಬರುವಾಗ ತರೀಕೆರೆಯಲ್ಲಿ ಇಳಿದು ದೊಡ್ಡಮ್ಮನ ಮನೆಯಲ್ಲಿ ಊಟ ಮಾಡಿಕೊಂಡು ಸಂಜೆ ಬಸ್ಸು ಹಿಡಿಯುತ್ತಾಳೆ. ಕಡೂರಿನಿಂದ ಜಮೀನಿನ ಕಾಗದಕ್ಕೆಂದು ಹೋದ ನಾನು ಅವತ್ತು ಇವರಿಬ್ಬರ ನಡುವೆ ಸಿಕ್ಕಿಕೊಂಡೆ. ನನ್ನ ಪಾಲಿಗೆ ಬಂದದ್ದು ಒಂದು ಮೊರ ಅವರೆಕಾಯಿ. ಮಾತಾಡುವ ಸರದಿ ಬಂದದ್ದು ಒಂದೇ ಸಲ. ಇದನ್ನು ಬರೆಯಲೇ ಎಂದು ಕೇಳಿದ್ದಕ್ಕೆ ಅಕ್ಕ "ಹೆಸರು ಹಾಕಬೇಡ" ಅಂದರು. ಹುಡುಗಿ "ಹಾಕಿದರೂ ಪರವಾಗಿಲ್ಲ" ಅಂದಳು. ಹಾಕಿಲ್ಲ.

ದೊಡ್ಡಮ್ಮ: ಡಾಕ್ಟರು ಏನಂದ್ರು?

ಮಗಳು: ಮಾತ್ರೆ ನಿಲ್ಲಿಸಬೇಡ ಅಂದ್ರು. ನಿದ್ದೆ ಹೇಗಿದೆ, ಊಟ ಸೇರುತ್ತಾ ಅಂತ ಕೇಳಿದ್ರು. ಹೊತ್ತು ಹೇಗೆ ಕಳೀತೀಯ, ಏನಾದ್ರೂ ಓದ್ತೀಯಾ ಅಂದ್ರು. ಓದೋದು ಬಿಟ್ಟಿದೀನಿ ಅಂದೆ.

ದೊಡ್ಡಮ್ಮ: ಬಿಟ್ಟಿದೀಯಾ? ಹೀಗೆ ಎದೆ ಸೆಟೆಸಿಕೊಂಡು ಹೇಳೋ ವಿಷಯನಾ ಅದು? ನನ್ನನ್ನ ಉಳಿಸಿದ್ದು ಡಾಕ್ಟರಲ್ಲ ಕಣೇ, ತ್ರಿವೇಣಿ.

ಮಗಳು: ನಿಮಗೆ ಸಿಟ್ಟು ಬರುತ್ತೆ, ಆದ್ರೂ ಹೇಳ್ತೀನಿ ದೊಡ್ಡಮ್ಮ. ಈ ಕಾಯಿಲೆ ಮೇಲೆ ಕಥೆ ಬರೆದವರು, ಸಿನಿಮಾ ತೆಗೆದವರು ನಮ್ಮಂಥವರಿಗೆ ಉಪಕಾರಕ್ಕಿಂತ ತೊಂದರೆಯನ್ನೇ ಜಾಸ್ತಿ ಮಾಡಿದಾರೆ.

ದೊಡ್ಡಮ್ಮ: ತ್ರಿವೇಣಿ ಕಾದಂಬರಿಯಿಂದಲೇ ತೆಗೆದ 'ಶರಪಂಜರ' ನೋಡಿದೀಯಾ?

ಮಗಳು: ನೋಡಿದೀನಿ. ಫೋನಲ್ಲಿ.

ದೊಡ್ಡಮ್ಮ: ಫೋನಲ್ಲಿ ನೋಡೋ ಸಿನಿಮಾನಾ ಅದು! ಎಪ್ಪತ್ತರ ದಶಕದ ಶುರುವಲ್ಲಿ ಬಂತು. ನಮ್ಮ ಕಡೆ ಟೆಂಟಿಗೆ ಬರೋ ಹೊತ್ತಿಗೆ ರೀಲು ಅಲ್ಲಲ್ಲಿ ಹರಿದಿತ್ತು. ಬೀರೂರಲ್ಲಿ ನೆಲದ ಮೇಲೆ ಕೂತು ನೋಡ್ದೆ. ಕಾವೇರಿಯಾಗಿ ಕಲ್ಪನಾ ಆಸ್ಪತ್ರೆಯಿಂದ ವಾಸಿಯಾಗಿ ಮನೆಗೆ ಬರ್ತಾಳಲ್ಲ, ಅಲ್ಲಿಂದ ಹೆಂಗಸರ ಕಡೆ ಉಸಿರಿಲ್ಲ. ಅದಕ್ಕೆ ಮುಂಚೆ ನಮ್ಮ ಬೀದೀಲಿ ಅಂಥವರು ಕಂಡ್ರೆ ಹುಡುಗರು ಕಲ್ಲು ಬೀರ್ತಿದ್ರು, ದೊಡ್ಡವರು ನಗ್ತಿದ್ರು. ಕಾವೇರಿಗೋಸ್ಕರ ಜನ ಮೊದಲನೇ ಸಲ ಅತ್ರು. ಅಷ್ಟು ಸಾಲದಾ?

ಮಗಳು: ಅತ್ರು. ಮನೆಗೆ ಹೋಗಿ ಏನು ಮಾಡಿದ್ರು?

ದೊಡ್ಡಮ್ಮ: ಏನು ಮಾಡಬೇಕಿತ್ತು?

ಮಗಳು: ಆ ಸಿನಿಮಾದಲ್ಲಿ ಕಾವೇರಿ ತಪ್ಪೇನೂ ಇಲ್ಲ. ಅವಳಿಗೆ ವಾಸಿಯಾಗಿದೆ, ವಾಸಿಯಾಗದೇ ಇರೋದು ಮನೆಯವರಿಗೆ. ಗಂಡ ಮುಟ್ಟಲ್ಲ, ಅಕ್ಕಪಕ್ಕದವರು ಅನುಮಾನದಲ್ಲೇ ನೋಡ್ತಾರೆ. ಡೈರೆಕ್ಟರು ಪುಟ್ಟಣ್ಣ ಅದನ್ನೇ ಹೇಳೋಕೆ ಹೊರಟಿದ್ದು, ಒಪ್ತೀನಿ. ಆದ್ರೆ ಕೊನೇಲಿ ಏನಾಗುತ್ತೆ? ಅವಳು ಮತ್ತೆ ಆಸ್ಪತ್ರೆಗೇ ಹೋಗ್ತಾಳೆ. ನೋಡಿದವರ ತಲೇಲಿ ಉಳಿದಿದ್ದು ಆ ಕೊನೆ. 'ಒಂದು ಸಲ ಬಂದ್ರೆ ಮತ್ತೆ ಬಂದೇ ಬರುತ್ತೆ' ಅಂತ. ನನಗೆ ಖಿನ್ನತೆ ಅಂತ ಡಾಕ್ಟರು ಹೇಳಿದಾಗ ಅಮ್ಮ ಮೊದಲು ಕೇಳಿದ್ದು ಏನು ಗೊತ್ತಾ? 'ಇದು ಕಲ್ಪನಾಗೆ ಬಂದ ಥರದ್ದಾ?' ಕಾವೇರಿ ಅಂತಲೂ ಅನ್ಲಿಲ್ಲ ಅಮ್ಮ, ಕಲ್ಪನಾ ಅಂದ್ರು.

ದೊಡ್ಡಮ್ಮ: ನಿಮ್ಮಮ್ಮನ್ನ ಮಾತ್ರ ಅನ್ಬೇಡ. ಕಲ್ಪನಾ 1979ರಲ್ಲಿ ಹೋದಾಗ ನಮ್ಮ ಓಣೀಲೂ ಹಾಗೇ ಮಾತಾಡಿದ್ರು, ಸಿನಿಮಾ ಯಾವುದು ಬದುಕು ಯಾವುದು ಅಂತ ಯಾರಿಗೂ ಬೇರೆ ಮಾಡೋಕೆ ಆಗ್ಲಿಲ್ಲ. ಅದಿರಲಿ, ನನ್ನ ಕಥೆ ಕೇಳು. ನಿನಗೆ ಯಾರೂ ಹೇಳಿರಲ್ಲ. ಎರಡನೇ ಹೆರಿಗೆ ಆದ್ಮೇಲೆ ನಾನು ಗೋಡೆ ಕಡೆ ಮುಖ ಮಾಡಿ ಕೂತುಬಿಟ್ಟಿದ್ದೆ. ಮಗು ಅತ್ರೂ ಏಳ್ತಿರಲಿಲ್ಲ. ನಮ್ಮತ್ತೆ ಗಾಳಿ ಸೋಕಿದೆ ಅಂದ್ರು. ಅಂತರಘಟ್ಟಮ್ಮನ ಹತ್ರ ಕರ್ಕೊಂಡು ಹೋಗಿ ಬಂದ್ರು, ಕೈಗೆ ದಾರ ಕಟ್ಟಿದ್ರು. ಒಳಗೊಳಗೆ ನನಗೆ ಮಾತ್ರ ಒಂದು ವಿಷಯ ಗೊತ್ತಿತ್ತು. ಇದು ನನಗೊಬ್ಬಳಿಗೇ ಬಂದಿದ್ದಲ್ಲ, ಬಾಣಂತಿಯರಿಗೆ ಹೀಗೆ ಆಗೋದುಂಟು, ಇದಕ್ಕೆ ಔಷಧಿ ಉಂಟು, ಪುಸ್ತಕದಲ್ಲಿ ಬರೆದಿದಾರೆ ಅಂತ. ಹೇಳಿದ್ದು ಯಾರು? ಅಜ್ಜಿಯಲ್ಲ, ಸೂಲಗಿತ್ತಿಯಲ್ಲ. ತ್ರಿವೇಣಿ.

(ತ್ರಿವೇಣಿ ಎಂಬ ಹೆಸರಿನಲ್ಲಿ ಬರೆದ ಅನಸೂಯಾ ಶಂಕರ್ ಕಾಲೇಜಿನಲ್ಲಿ ಓದಿದ್ದೇ ಮನಶ್ಶಾಸ್ತ್ರ. 1963ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು, ಮೂವತ್ತೈದೂ ತುಂಬಿರಲಿಲ್ಲ. ಬಾಣಂತಿಯ ಮನಸ್ಸು ಮುರಿಯುವುದನ್ನು ಕನ್ನಡದಲ್ಲಿ ಅಷ್ಟು ಹತ್ತಿರದಿಂದ ಬರೆದವರು ಬಾಣಂತನದಲ್ಲೇ ಹೋದರೆಂಬುದನ್ನು ನೆನೆದಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ.)

ಮಗಳು: ನೀವು ಡಾಕ್ಟರ ಹತ್ರ ಹೋದ್ರಾ ಮತ್ತೆ?

ದೊಡ್ಡಮ್ಮ: ಇಲ್ಲ.

ಮಗಳು: ಯಾಕೆ?

ದೊಡ್ಡಮ್ಮ: ಯಾಕೆ ಅಂದ್ರೆ... ಹೋದ್ರೆ ಕಾವೇರಿಗಾದಂತೆ ಆಗುತ್ತೆ ಅಂತ ಹೆದರಿಕೆ. ನಿಮ್ಮ ದೊಡ್ಡಪ್ಪ ಆಮೇಲೆ ನನ್ನ ಕೈಯಿಂದ ನೀರು ಕುಡೀತಾರೋ ಇಲ್ಲವೋ ಅಂತ.

ಮಗಳು: ನೋಡಿ! ಔಷಧಿ ಇದೆ ಅಂತ ಹೇಳಿಕೊಟ್ಟಿದ್ದೂ ಅದೇ ಕಥೆ, ಹೋಗಬೇಡ ಅಂತ ಬಾಗಿಲಿಗೆ ಅಡ್ಡ ನಿಂತಿದ್ದೂ ಅದೇ ಕಥೆ.

ದೊಡ್ಡಮ್ಮ: ಎರಡೂ ನಿಜ ಕಣೇ. ಒಂದು ಮಾಡಿದ್ದಕ್ಕೆ ಇನ್ನೊಂದು ಸುಳ್ಳಾಗಲ್ಲ. ಹೆಸರಿಲ್ಲದ ಕತ್ತಲೆ ಬೇರೆ, ಹೆಸರಿರೋ ಕತ್ತಲೆ ಬೇರೆ. ನಿನಗೆ ಅದು ಅರ್ಥ ಆಗಲ್ಲ, ಯಾಕಂದ್ರೆ ನಿನ್ನ ಕಾಲಕ್ಕೆ ಎಲ್ಲದಕ್ಕೂ ಹೆಸರು ಫೋನಲ್ಲೇ ಸಿಗುತ್ತೆ.

ಮಗಳು: ಸಿಗುತ್ತೆ, ಬೇಕಾದ್ದಕ್ಕಿಂತ ಜಾಸ್ತಿ ಸಿಗುತ್ತೆ. ಅದು ಇನ್ನೊಂದು ಕಷ್ಟ. ಆದ್ರೆ ಸಿನಿಮಾದವರನ್ನ ನಾನು ಅಷ್ಟು ಸುಲಭಕ್ಕೆ ಬಿಡಲ್ಲ. ಕರೆಂಟು ಕೊಡೋ ಸೀನು ಎಷ್ಟು ಸಿನಿಮಾದಲ್ಲಿ ನೋಡಿದೀರಿ? ಎಚ್ಚರ ಇರೋ ಮನುಷ್ಯನ್ನ ಮಂಚಕ್ಕೆ ಕಟ್ಟಿ, ನಾಲ್ಕು ಜನ ಹಿಡ್ಕೊಂಡು, ಅವನು ಕಿರುಚ್ತಿದ್ರೆ ಗುಂಡಿ ಒತ್ತೋದು. ಅದು ಚಿಕಿತ್ಸೆ ಅಲ್ಲ, ವಿಲನ್ ಕೊಡೋ ಶಿಕ್ಷೆ. 2017ರ ಮಾನಸಿಕ ಆರೋಗ್ಯ ಕಾಯ್ದೇಲಿ ಅರಿವಳಿಕೆ, ಸ್ನಾಯು ಸಡಿಲಿಸೋ ಔಷಧಿ ಇಲ್ಲದೆ ಆ ಚಿಕಿತ್ಸೆ ಕೊಡೋ ಹಾಗೇ ಇಲ್ಲ ಅಂತ ಸ್ಪಷ್ಟವಾಗಿ ಬರೆದಿದೆ. ಮಂಪರಲ್ಲಿ ಮಲಗಿಸಿ ಕೊಡ್ತಾರೆ, ತೀವ್ರ ಖಿನ್ನತೆಯಿಂದ ಅದರಿಂದಲೇ ಎದ್ದು ಬಂದವರಿದಾರೆ. ಶಿವಮೊಗ್ಗದಲ್ಲಿ ಕಾಯ್ತಾ ಕೂತಿರುವಾಗ ಒಬ್ಬರು ತಮ್ಮ ತಮ್ಮನಿಗೆ ಅದು ಬೇಡವೇ ಬೇಡ ಅಂತ ಜಗಳ ಆಡ್ತಿದ್ರು. ಎಲ್ಲಿ ನೋಡಿದ್ರಿ ಅಂತ ಕೇಳಿದ್ರೆ, ಟಿವೀಲಿ.

ದೊಡ್ಡಮ್ಮ: ಅದು ಸರಿ. ನಮ್ಮ ಸೀರಿಯಲ್ಲಲ್ಲೂ ಹಂಗೇ. ತಲೆಗೆ ಪೆಟ್ಟು ಬಿದ್ರೆ ಹುಚ್ಚು, ಇನ್ನೊಂದು ಪೆಟ್ಟು ಬಿದ್ರೆ ವಾಸಿ. ಟಿಆರ್‌ಪಿ ಬಿದ್ರೆ ಮತ್ತೆ ಹುಚ್ಚು.

ಮಗಳು: ನೀವೇ ದಿನಾ ನೋಡ್ತೀರಲ್ಲ!

ದೊಡ್ಡಮ್ಮ: ನಿಮ್ಮ ದೊಡ್ಡಪ್ಪ ಹೋದ್ಮೇಲೆ ಈ ಮನೇಲಿ ಸಂಜೆ ಆರೂವರೆಯಿಂದ ಹತ್ತರವರೆಗೆ ಮನುಷ್ಯರ ಧ್ವನಿ ಅಂತ ಇರೋದು ಅದೊಂದೇ. ಕಥೆ ಯಾರಿಗೆ ಬೇಕು? ಅಡುಗೆಮನೆಯಲ್ಲಿದ್ರೆ ಹಾಲಲ್ಲಿ ಯಾರೋ ಜಗಳ ಆಡ್ತಿದಾರೆ ಅನ್ನಿಸ್ಬೇಕು, ಅಷ್ಟೇ. ನಗ್ತೀಯಾ? ನಗು. ನಿನಗೆ ಬೆಂಗಳೂರಲ್ಲಿ ಮಲಗೋಕೆ ಆಗದೇ ಇದ್ದಾಗ ನೀನು ಏನು ನೋಡ್ತಿದ್ದೆ, ಹೇಳು?

ಮಗಳು: 'ಸಿಲ್ಲಿ ಲಲ್ಲಿ.'

ದೊಡ್ಡಮ್ಮ: ಏನು?

ಮಗಳು: ಹಳೇ 'ಸಿಲ್ಲಿ ಲಲ್ಲಿ.' ಒಂದೇ ಎಪಿಸೋಡು ಹತ್ತತ್ತು ಸಲ. ಹೊಸದು ನೋಡೋಕೆ ಆಗ್ತಿರಲಿಲ್ಲ. ಮುಂದೇನು ಅಂತ ಗೊತ್ತಿಲ್ಲದ್ದು ಯಾವುದೂ ಬೇಡ ಅನ್ನಿಸ್ತಿತ್ತು. ಡಾಕ್ಟರ್ ವಿಠಲ್ ರಾವ್ ಈಗ ಬರ್ತಾರೆ, ಈಗ ಹೀಗಂತಾರೆ ಅಂತ ಗೊತ್ತಿರೋದೇ ಸಮಾಧಾನ.

ದೊಡ್ಡಮ್ಮ: ಅಂದ್ಮೇಲೆ?

ಮಗಳು: ಅಂದ್ಮೇಲೆ ಏನಿಲ್ಲ. ಅದು ಚಳೀಲಿ ಹೊದ್ದುಕೊಂಡ ಕಂಬಳಿ. ಜ್ವರಕ್ಕೆ ಕಂಬಳಿ ಔಷಧಿ ಅಲ್ಲ.

ದೊಡ್ಡಮ್ಮ: ಔಷಧಿ ಬರೋವರೆಗೆ ಬದುಕಿರಬೇಕಲ್ಲೇ.

ಇದಕ್ಕೆ ಹುಡುಗಿ ಉತ್ತರ ಕೊಡಲಿಲ್ಲ. ಅಕ್ಕ ಗೆದ್ದೆ ಎಂದುಕೊಂಡು ಒಳಗೆ ಹೋಗಿ ಕಾಫಿ ತಂದರು. ನನಗನ್ನಿಸಿದ್ದು ಬೇರೆ: ಹುಡುಗಿ ಸೋತಿರಲಿಲ್ಲ, ಮುಂದಿನ ಮಾತಿನ ತೂಕ ಹೆಚ್ಚಿತ್ತು, ಅದಕ್ಕೇ ನಿಧಾನಿಸಿದಳು.

ಮಗಳು: ನಾನು ಓದು ಬಿಟ್ಟಿದ್ದು ಯಾಕೆ ಅಂತ ಹೇಳ್ತೀನಿ. ಯಶವಂತ ಚಿತ್ತಾಲರ 'ಶಿಕಾರಿ' ಓದಿದೀರಾ?

ದೊಡ್ಡಮ್ಮ: ಶುರು ಮಾಡಿದ್ದೆ. ಆ ನಾಗಪ್ಪನ ಜೊತೆ ಐವತ್ತು ಪುಟ ಹೋಗೋ ಹೊತ್ತಿಗೆ ನನಗೇ ಎದೆ ಡವಡವ. ಮುಚ್ಚಿಟ್ಟೆ.

ಮಗಳು: ನಾನು ಮುಚ್ಚಿಡಲಿಲ್ಲ. ಮುಂಬೈ ಕಂಪನಿ, ದೊಡ್ಡ ಕೆಲಸ, ಇದ್ದಕ್ಕಿದ್ದಂತೆ ಅವನನ್ನ ಪಕ್ಕಕ್ಕಿಡ್ತಾರೆ. ಯಾರು ಮಾಡಿದ್ರು, ಯಾಕೆ ಮಾಡಿದ್ರು ಗೊತ್ತಾಗಲ್ಲ. ಎಲ್ಲರ ಮಾತಲ್ಲೂ ಇನ್ನೊಂದು ಅರ್ಥ ಕಾಣುತ್ತೆ ಅವನಿಗೆ. 1979ರ ಪುಸ್ತಕ, ನನ್ನ ಆಫೀಸನ್ನೇ ನೋಡಿ ಬರೆದ ಹಾಗಿತ್ತು. ರಾತ್ರಿ ಎರಡು ಗಂಟೆಗೆ ಓದ್ತಾ 'ಹೌದು, ಹೌದು' ಅಂತಿದ್ದೆ. ಬಹಳ ದೊಡ್ಡ ಕಾದಂಬರಿ, ಅದರಲ್ಲಿ ಅನುಮಾನವಿಲ್ಲ. ಆದ್ರೆ ನನ್ನ ಅನುಮಾನಕ್ಕೆಲ್ಲ ಅದು ಸಾಹಿತ್ಯದ ಮುದ್ರೆ ಒತ್ತಿಬಿಡ್ತು. ನನಗೆ ಕಾಯಿಲೆ ಅಂತ ಅನ್ನಿಸಲೇ ಇಲ್ಲ, ನನಗೆ ಲೋಕದ ಸತ್ಯ ಕಾಣ್ತಿದೆ ಅನ್ನಿಸ್ತು. ಡಾಕ್ಟರ ಹತ್ರ ಹೋಗೋದು ತಿಂಗಳುಗಟ್ಟಲೆ ತಡ ಆಯ್ತು. ದುಃಖಕ್ಕೆ ಒಳ್ಳೇ ಭಾಷೆ ಸಿಕ್ಕಿಬಿಟ್ರೆ ಅದರಲ್ಲೇ ಮನೆ ಮಾಡ್ಕೊಂಡು ಇದ್ದುಬಿಡಬಹುದು ದೊಡ್ಡಮ್ಮ.

ದೊಡ್ಡಮ್ಮ: ಅದು ಪುಸ್ತಕದ ತಪ್ಪಾ, ಎರಡು ಗಂಟೆ ರಾತ್ರಿ ತಪ್ಪಾ?

ಮಗಳು: ಪುಸ್ತಕದ್ದು ಅಂತ ನಾನು ಅನ್ತಿಲ್ಲ. ಆದ್ರೆ ಇದು ಹೊಸ ಭಯ ಏನಲ್ಲ. ಜರ್ಮನೀಲಿ ಗಯಟೆ 1774ರಲ್ಲಿ ವರ್ಥರನ ಕಾದಂಬರಿ ಬರೆದಾಗ ಹುಡುಗರು ಅವನ ಥರಾನೇ ಬಟ್ಟೆ ಹಾಕ್ಕೊಂಡು, ಅವನ ದಾರೀನೇ ಹಿಡಿತಾರೆ ಅಂತ ಹೆದರಿ ಲೈಪ್‌ಜಿಗ್‌ನಲ್ಲಿ ಅದನ್ನ ನಿಷೇಧ ಮಾಡಿದ್ರು. ಮೊನ್ನೆ ಮೊನ್ನೆ, 2019ರಲ್ಲಿ, ನೆಟ್‌ಫ್ಲಿಕ್ಸ್‌ನವರು ಒಂದು ಹೈಸ್ಕೂಲು ಹುಡುಗಿ ಸೀರಿಯಲ್ಲಿಂದ ಸಾವಿನ ದೃಶ್ಯನೇ ಕತ್ತರಿಸಿ ಹಾಕಿದ್ರು, ಅದು ಬಂದು ಎರಡು ವರ್ಷ ಆದ್ಮೇಲೆ. ತೋರಿಸೋ ರೀತಿಯಲ್ಲಿ ಜವಾಬ್ದಾರಿ ಬೇಕು ಅಂತ ಪ್ರಪಂಚವೇ ಒಪ್ಪಿದೆ.

ದೊಡ್ಡಮ್ಮ: ಹಂಗಾದ್ರೆ ನಿಮ್ಮೂರಿನ ಹೆಸರು ಹೊತ್ತ ಅಜ್ಜಂಪುರ ಸೀತಾರಾಂ ಅವರನ್ನೂ ನಿಷೇಧ ಮಾಡು. 'ಆನಂದ' ಅನ್ನೋ ಹೆಸರಲ್ಲಿ ಅವರು ಬರೆದ 'ನಾನು ಕೊಂದ ಹುಡುಗಿ'ಯ ಕೊನೆ ಏನು? ಆ ಹುಡುಗಿ ಸಾಯ್ತಾಳೆ.

ಮಗಳು: ಇಲ್ಲ, ಆ ಕಥೆಯನ್ನ ನಾನು ಮುಟ್ಟೋಕೆ ಬಿಡಲ್ಲ.

ದೊಡ್ಡಮ್ಮ: ಯಾಕಮ್ಮ? ಈಗ ತಾನೇ ಜವಾಬ್ದಾರಿ ಅಂದೆ.

ಮಗಳು: ಯಾಕಂದ್ರೆ ಆ ಕಥೆ ಸಾವಿನ ಕಡೆ ಬೆರಳು ತೋರಿಸಲ್ಲ, ಮಾತಿನ ಕಡೆ ತೋರಿಸುತ್ತೆ. ಹಳ್ಳೀಗೆ ಬಂದ ಓದಿದ ಮನುಷ್ಯ. ಒಳ್ಳೇವನೇ. ಬಸವಿ ಬಿಟ್ಟ ಹುಡುಗಿಗೆ, ನೀನು ನಡೀತಿರೋ ದಾರಿ ತಪ್ಪು ಅಂತ ಬುದ್ಧಿ ಹೇಳ್ತಾನೆ. ಅಲ್ಲೀತನಕ ಅವಳಿಗೆ ಅದು ದೇವರ ಸೇವೆ. ಒಂದು ರಾತ್ರೀಲಿ ಅವಳ ಕಾಲ ಕೆಳಗಿನ ನೆಲ ಎಳೆದುಬಿಡ್ತಾನೆ, ನಿಲ್ಲೋಕೆ ಇನ್ನೊಂದು ನೆಲ ಕೊಡಲ್ಲ. ಬೆಳಗಾದ್ರೆ ಅವಳಿಲ್ಲ. ನನಗೆ ಬುದ್ಧಿ ಹೇಳಿದವರನ್ನ ಲೆಕ್ಕ ಹಾಕಿದೀನಿ ದೊಡ್ಡಮ್ಮ. 'ಧೈರ್ಯವಾಗಿರು', 'ನಿನಗಿಂತ ಕಷ್ಟದಲ್ಲಿರೋರನ್ನ ನೋಡು', 'ಯೋಗ ಮಾಡು', 'ಮದುವೆ ಆದ್ರೆ ಸರಿಹೋಗುತ್ತೆ.' ಎಲ್ಲರೂ ಒಳ್ಳೇವರೇ. ಅವರಲ್ಲಿ ಒಬ್ಬರಾದ್ರೂ ಆ ಕಥೆ ಓದಿದ್ರೆ ಮಾತಾಡೋ ಮುಂಚೆ ಒಂದು ಗಳಿಗೆ ಸುಮ್ಮನಿರ್ತಿದ್ರು.

ದೊಡ್ಡಮ್ಮ: ಈಗ ನೀನು ಯಾರ ಪಕ್ಷ ಮಾತಾಡ್ತಿದೀಯ ಅಂತ ಗೊತ್ತಾಯ್ತಾ?

ಮಗಳು: ಗೊತ್ತಾಯ್ತು ಬಿಡಿ. ಆದ್ರೆ ಒಂದು ವ್ಯತ್ಯಾಸ ಇದೆ. ಆ ಕಥೆ ಓದಬೇಕಾದ್ದು ನಾನಲ್ಲ, ನನ್ನ ಸುತ್ತ ಇರೋರು. ಕಾಯಿಲೆಯವರಿಗೆ ಕಾಯಿಲೆ ಕಥೆ ಕೊಡ್ತಾರೆ ನಮ್ಮ ಜನ. ಆರೋಗ್ಯವಾಗಿರೋರು 'ಆಪ್ತಮಿತ್ರ' ನೋಡ್ತಾರೆ.

ದೊಡ್ಡಮ್ಮ: 'ಆಪ್ತಮಿತ್ರ'ನ ಅನ್ಬೇಡ! ಸೌಂದರ್ಯ ಎಂಥಾ ನಟನೆ. ಪಾಪ, ಸಿನಿಮಾ ಬಿಡುಗಡೆ ಆಗೋಕೆ ಮುಂಚೆ ಹೋಗ್ಬಿಟ್ಳು. ಮತ್ತೆ ಅದರಲ್ಲಿ ವಿಷ್ಣು ಮಾನಸಿಕ ವೈದ್ಯನೇ ಅಲ್ವಾ? ದೆವ್ವ ಅಂತ ಕೂತಿದ್ದ ಜನಕ್ಕೆ, ಅಲ್ಲ ಇದು ಮನಸ್ಸಿನ ಕಾಯಿಲೆ ಅಂತ ಹೇಳಿದ ಸಿನಿಮಾ ಅದು. ಇಡೀ ಕರ್ನಾಟಕ ವರ್ಷಗಟ್ಟಲೆ ನೋಡ್ತು.

ಮಗಳು: ಹೇಳ್ತು, ಹೇಳಿ ಮುಗಿಸಿದ ಮೇಲೆ ಆ ದೆವ್ವ ನಾಗವಲ್ಲಿಯನ್ನೇ ಕುಣಿಸ್ತು. ಜನಕ್ಕೆ ಡಾಕ್ಟರು ಹೇಳಿದ್ದು ನೆನಪಿಲ್ಲ, ಕುಣಿತ ನೆನಪಿದೆ. ಆಫೀಸಲ್ಲಿ ಯಾರಾದ್ರೂ ಸ್ವಲ್ಪ ಜೋರಾಗಿ ಮಾತಾಡಿದ್ರೆ 'ನಾಗವಲ್ಲಿ ಬಂದ್ಳು' ಅಂತಿದ್ರು. ಕೊನೆಗೆ ವಾಸಿ ಮಾಡೋಕೆ ಡಾಕ್ಟರ ಜೊತೆ ಆಚಾರ್ಯರೂ ಬೇಕಾದ್ರು.

ದೊಡ್ಡಮ್ಮ: ನಮ್ಮೂರಲ್ಲಿ ಹಂಗೇ ತಾನೇ ನಡೆಯೋದು? ಬೆಳಗ್ಗೆ ಮಾತ್ರೆ, ಸಂಜೆ ತಾಯತ. ಎರಡೂ ಬೇಕು ಜನಕ್ಕೆ.

ಮಗಳು: ಅದನ್ನ ಪೂರ್ತಿ ತಳ್ಳಿಹಾಕೋಕೆ ನನಗೂ ಆಗಲ್ಲ. ತಮಿಳುನಾಡಿನ ಒಂದು ದೇವಸ್ಥಾನದಲ್ಲಿ ಕೆಲವು ವಾರ ಉಳಿದವರನ್ನ ನಿಮ್ಹಾನ್ಸ್‌ನವರೇ ಹೋಗಿ ನೋಡಿದ್ರು. ಅಲ್ಲಿ ಯಾರೂ ಮಾತ್ರೆ ಕೊಟ್ಟಿರಲಿಲ್ಲ, ಆದ್ರೂ ಎಷ್ಟೋ ಜನಕ್ಕೆ ಸ್ವಲ್ಪ ಹಗುರಾಗಿತ್ತು ಅಂತ 2002ರಲ್ಲಿ ಬರೆದ್ರು. ಹೊಡೆತ, ಬಡಿತ ಇಲ್ಲದ, ಯಾರೂ ಅಸಹ್ಯ ಪಡದ ಜಾಗ ಅದು. ಆದ್ರೆ ಅದಕ್ಕೆ ಹಿಂದಿನ ವರ್ಷವೇ, 2001ರ ಆಗಸ್ಟಲ್ಲಿ, ಅದೇ ತಮಿಳುನಾಡಿನ ಏರ್ವಾಡಿಯಲ್ಲಿ ಗುಡಿಸಲಿಗೆ ಬೆಂಕಿ ಬಿದ್ದಾಗ ಸರಪಳಿ ಹಾಕಿ ಕಟ್ಟಿದ್ದವರು ಓಡಿಹೋಗೋಕೂ ಆಗದೆ ಸತ್ರು. ಇಪ್ಪತ್ತೆಂಟು ಜನ. ಅದೂ ಹರಕೆಯ ಜಾಗವೇ. ನಿಮ್ಮತ್ತೆ ದಾರ ಕಟ್ಟಿಸಿ ಮನೆಗೆ ಕರ್ಕೊಂಡು ಬಂದ್ರು, ಅದು ನಿಮ್ಮ ಪುಣ್ಯ.

ದೊಡ್ಡಮ್ಮ: ಪುಣ್ಯಾನೇ. ಬಾಯಲ್ಲಿ ಬೈತಿದ್ರು, ಮಗುಗೆ ನೀರು ಹಾಕಿದ್ದೂ ಅವರೇ, ನನಗೆ ಕಲಸಿ ತಿನ್ನಿಸಿದ್ದೂ ಅವರೇ. ಆದ್ರೆ ಅದು ಯಾವ ಸಿನಿಮಾದಲ್ಲೂ ಬರ್ಲಿಲ್ಲ ನೋಡು. ಸಿನಿಮಾಗೆ ಅತ್ತೆಯನ್ನ ಬೈಯೋದೊಂದೇ ಕೆಲಸ.

ಇಲ್ಲಿ ನಾನು ಬಾಯಿ ಹಾಕಿದೆ. ತೇಜಸ್ವಿಯವರ ಕಥೆಯ ಮೇಲೆ ಕಾಸರವಳ್ಳಿ ಮಾಡಿದ 'ತಬರನ ಕಥೆ'ಯನ್ನು ನೆನಪಿಸಿದೆ. ನಮ್ಮ ಜಿಲ್ಲೆಯ ಮೂಡಿಗೆರೆಯಲ್ಲಿದ್ದುಕೊಂಡು ಬರೆದವರ ಕಥೆ, ಸ್ವರ್ಣಕಮಲ ಪಡೆದ ಸಿನಿಮಾ. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆದು, ಹೆಂಡತಿಯ ಕೊಳೆಯುವ ಕಾಲಿಗೆ ಔಷಧಿಗೂ ಗತಿಯಿಲ್ಲದೆ, ಕೊನೆಗೆ ಬೀದಿಯಲ್ಲಿ ಶಪಿಸುತ್ತಾ ಓಡಾಡುವ ತಬರ. ಇಬ್ಬರೂ ನನ್ನ ಕೈಯಿಂದ ವಿಷಯ ಕಿತ್ತುಕೊಂಡರು.

ದೊಡ್ಡಮ್ಮ: ಹಾಂ, ಅದು ಮಾತು! ತಬರನಿಗೆ ಮಾತ್ರೆ ಕೊಟ್ರೆ ಸರಿಹೋಗ್ತಿತ್ತಾ? ಪಿಂಚಣಿ ಕೊಟ್ಟಿದ್ರೆ ಹೋಗ್ತಿತ್ತು. ಅಜ್ಜಂಪುರದಲ್ಲಿ ಈರುಳ್ಳಿ ರೇಟು ಬಿದ್ದ ವರ್ಷ ಎಷ್ಟು ಮನೇಲಿ ಗಂಡಸರು ಮಂಕು ಬಡಿದು ಕೂತಿದ್ರು, ನೀನೇ ನೋಡಿದೀಯ. ಕಡೂರಿನ ಕಡೆ ಬೋರು ಬತ್ತಿ ತೆಂಗಿನ ತೋಟ ಒಣಗಿದವರನ್ನ ಕೇಳು. ಅದಕ್ಕೆಲ್ಲ ಖಿನ್ನತೆ ಅಂತ ಚೀಟಿ ಬರೆದುಬಿಟ್ರೆ ಮಾರುಕಟ್ಟೆಗೆ ಯಾರು ಚೀಟಿ ಬರೀತಾರೆ? ಡಾಕ್ಟರಿಗೆ ಕಾಣದ್ದು ಕಥೆಗಾರನಿಗೆ ಕಾಣುತ್ತೆ, ಅದಕ್ಕೇ ಕಥೆ ಬೇಕು.

ಮಗಳು: ನಮ್ಮಪ್ಪನೂ ಆ ವರ್ಷ ಮಂಕಾಗಿ ಕೂತಿದ್ರು. ಮುಂದಿನ ವರ್ಷ ರೇಟು ಬಂತು. ಅಪ್ಪ ಏಳಲಿಲ್ಲ. ಪಕ್ಕದ ಹೊಲದವರೆಲ್ಲ ಎದ್ದರು, ಇವರು ಏಳಲಿಲ್ಲ. ಕಾರಣ ಹೊರಗಿಂದ ಬಂದಿರಬಹುದು ದೊಡ್ಡಮ್ಮ, ಬಂದ ಮೇಲೆ ಅದು ಒಳಗೇ ಬೇರು ಬಿಡುತ್ತೆ. ಆಮೇಲೆ ಕಾರಣ ಹೋದ್ರೂ ಅದು ಹೋಗಲ್ಲ. ಮಾತ್ರೆ ಈರುಳ್ಳಿಗೆ ಬೆಲೆ ತರಲ್ಲ, ಗೊತ್ತು. ಆದ್ರೆ ನ್ಯಾಯ ಸಿಗೋವರೆಗೆ ಜಗಳ ಆಡೋಕೆ ರಾತ್ರಿ ನಿದ್ದೆ ಆದ್ರೂ ಬೇಕಲ್ಲ? ತಬರನಿಗೆ ಹುಚ್ಚು ಅಂದ್ರೆ ಕಚೇರಿ ತಪ್ಪಿಸಿಕೊಳ್ಳುತ್ತೆ, ಸರಿ. ಹುಚ್ಚು ಅಲ್ಲವೇ ಅಲ್ಲ, ಬರೀ ವ್ಯವಸ್ಥೆ ಅಂದ್ರೆ ತಬರನೇ ಕೈತಪ್ಪಿಹೋಗ್ತಾನೆ. ಓದೋರಿಗೆ ಅವನೊಂದು ರೂಪಕ.

ದೊಡ್ಡಮ್ಮ: ನಿಮ್ಮಪ್ಪ ಈಗ ಹೋಗ್ತಾರಾ ಡಾಕ್ಟರ ಹತ್ರ?

ಮಗಳು: ನಾನು ಹೋಗೋಕೆ ಶುರು ಮಾಡಿದ ಮೇಲೆ ಒಂದು ಸಲ ಬಂದ್ರು. 'ನರದ ಡಾಕ್ಟರು' ಅಂತ ಹೇಳ್ಕೊಂಡು. ತಾಲ್ಲೂಕು ಆಸ್ಪತ್ರೆಗೇ ಮಂಗಳವಾರ ಮನೋವೈದ್ಯರು ಸರದಿ ಮೇಲೆ ಬರೋ ಹಾಗೆ ಸರ್ಕಾರ 'ಮನೋಚೈತನ್ಯ' ಅಂತ ಮಾಡಿದೆ, ಅಲ್ಲಿಗೆ ಹೋಗೋಣ ಅಂದ್ರೆ ಬೇಡ ಅಂತಾರೆ. ಪರಿಚಯದವರು ಕಾಣ್ತಾರಂತೆ. ಫೋನಿಗಾದ್ರೂ ಮಾತಾಡಿ, 14416 ಒತ್ತಿದ್ರೆ ರಾತ್ರಿ ಹಗಲು ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ, ಮುಖ ಕಾಣಲ್ಲ ಅಂದೆ. ನಂಬರು ಬರ್ಕೊಂಡಿದಾರೆ, ಕ್ಯಾಲೆಂಡರ್ ಹಿಂದೆ.

ದೊಡ್ಡಮ್ಮ: ಬರ್ಕೊಂಡಿದಾರಲ್ಲ, ಅದೇ ದೊಡ್ಡದು. ನಿನಗೊಂದು ಹೇಳಲಾ? ಶಿವಮೊಗ್ಗಕ್ಕೆ ಮನಸ್ಸಿನ ಡಾಕ್ಟರ ಹತ್ರ ಹೋಗಬಹುದು ಅಂತ ಈ ಸೀಮೆಗೆ ಗೊತ್ತಾಗಿದ್ದೇ ಅಶೋಕ ಪೈ ಅವರಿಂದ. ಅವರು ಬರೀ ಔಷಧಿ ಬರೆದುಕೊಟ್ಟು ಸುಮ್ಮನಿದ್ದಿದ್ರೆ ಗೊತ್ತಾಗ್ತಿತ್ತಾ? ಪತ್ರಿಕೇಲಿ ಬರೆದ್ರು, ಕಥೆ ಬರೆದ್ರು. ಅವರ ಕಥೆ ಇಟ್ಕೊಂಡು ಸುರೇಶ್ ಹೆಬ್ಳೀಕರ್ 1988ರಲ್ಲಿ 'ಕಾಡಿನ ಬೆಂಕಿ' ಮಾಡಿದ್ರು. ಗಂಡ ಹೆಂಡತಿ ಮಧ್ಯೆ ಹೊರಗೆ ಹೇಳ್ಕೊಳ್ಳೋಕಾಗದ ತೊಡಕು, ಅದನ್ನ ಅಷ್ಟು ಮರ್ಯಾದೆಯಿಂದ ತೋರಿಸಿದ್ರು. 'ಆಘಾತ'ಕ್ಕೂ ಇವರಿಬ್ಬರೇ ಜೊತೆ. ಒಬ್ಬ ಡಾಕ್ಟರಿಗೇ ಕ್ಲಿನಿಕ್ಕು ಸಾಲಲಿಲ್ಲ, ಕಥೆ ಬೇಕಾಯ್ತು. ಅದಕ್ಕೇನಂತೀಯ?

ಮಗಳು: ಡಾಕ್ಟರು ಬರೆದಿದ್ದಕ್ಕೇ ಅದು ಬೇರೆ ಥರ ಇದೆ ಅಂತೀನಿ. ಅವರಿಗೆ ರೋಗಿ ನಾಳೆ ಮತ್ತೆ ಬರ್ತಾನೆ ಅಂತ ಗೊತ್ತು. ಸಿನಿಮಾದವರಿಗೆ 'ಶುಭಂ' ಬಂದ ಮೇಲೆ ಕೆಲಸ ಇಲ್ಲ. ಪುಟ್ಟಣ್ಣನವರದ್ದೇ 'ಮಾನಸ ಸರೋವರ' ನೋಡಿ: ಡಾಕ್ಟರು ರೋಗಿಯನ್ನೇ ಪ್ರೀತಿಸಿ ಕೊನೆಗೆ ತಾನೇ ಹುಚ್ಚನಾಗ್ತಾನೆ. ಹಾಡು ಕೇಳೋಕೆ ಚೆನ್ನಾಗಿವೆ. ಅದನ್ನ ನೋಡಿ ಯಾವ ಅಪ್ಪ ಮಗಳನ್ನ ಮನೋವೈದ್ಯರ ಹತ್ರ ಒಬ್ಬಳನ್ನೇ ಕಳಿಸ್ತಾನೆ? ಹಿಂದೀಲಿ 'ಡಿಯರ್ ಜಿಂದಗಿ' ಬಂತು 2016ರಲ್ಲಿ, ಶಾರುಖ್ ಖಾನ್ ಗೋವಾ ಸಮುದ್ರದ ದಂಡೆ ಮೇಲೆ ನಡೀತಾ ಚಿಕಿತ್ಸೆ ಕೊಡ್ತಾನೆ. ನನ್ನ ಡಾಕ್ಟರು ಪಾಪ ಹೊರಗಿನ ಸಾಲು ನೋಡ್ಕೊಂಡು ಹತ್ತು ನಿಮಿಷದಲ್ಲಿ ಎಲ್ಲ ಕೇಳ್ಬೇಕು.

ದೊಡ್ಡಮ್ಮ: ನಿನಗೆ ಯಾವುದೂ ಸರಿಯಿಲ್ಲ. ಕೊನೇಲಿ ವಾಸಿಯಾದ್ರೆ ಸುಳ್ಳು ಅಂತೀಯ, ವಾಸಿಯಾಗದಿದ್ರೆ ಹೆದರಿಸ್ತಾರೆ ಅಂತೀಯ. ಹಂಗಾದ್ರೆ ನಿನ್ನ ಕಾಯಿಲೆಗೆ ಸರಿಯಾದ ಸಿನಿಮಾ ಯಾವುದು, ಹೇಳು ನೋಡೋಣ.

ಮಗಳು: ಯಾರೂ ನೋಡಲ್ಲ ಅಂಥದ್ದು. ಬೆಳಗ್ಗೆ ಏಳೋಕೆ ಒಂದು ಗಂಟೆ. ಹಲ್ಲುಜ್ಜೋದು ಒಂದು ದೊಡ್ಡ ಕೆಲಸ. ಮಾತ್ರೆ ನುಂಗಿದ ಮೊದಲ ಎರಡು ಮೂರು ವಾರ ಏನೂ ಆಗಲ್ಲ, ಬಾಯಿ ಒಣಗುತ್ತೆ ಅಷ್ಟೇ. ಆಮೇಲೆ ಒಂದು ದಿನ ಸಾರಿಗೆ ಉಪ್ಪು ಕಮ್ಮಿ ಅನ್ನಿಸುತ್ತೆ. ಅದೇ ಕ್ಲೈಮ್ಯಾಕ್ಸು. ರುಚಿ ಗೊತ್ತಾಯ್ತಲ್ಲ ಅಂತ ಅಮ್ಮ ಅತ್ಬಿಟ್ರು, ನಾನು ಉಪ್ಪು ಹಾಕ್ಕೊಂಡೆ. ಇದನ್ನ ಎರಡೂವರೆ ಗಂಟೆ ಯಾರು ತೋರಿಸ್ತಾರೆ?

ದೊಡ್ಡಮ್ಮ: ಬರಿ ನೀನು. ಈಗ ಹೇಳಿದೆಯಲ್ಲ, ಇಷ್ಟನ್ನೇ ಬರಿ.

ಮಗಳು: ಬೇಡಪ್ಪ.

ದೊಡ್ಡಮ್ಮ: ಯಾಕೆ ಬೇಡ? ರಾ.ಶಿ. ಅಂತ ಇದ್ರು, ಡಾಕ್ಟರು, 'ಕೊರವಂಜಿ' ಪತ್ರಿಕೆ ನಡೆಸ್ತಿದ್ರು. ಊರನ್ನೆಲ್ಲ ನಗಿಸ್ತಿದ್ದವರು ಮನಸ್ಸಿನ ಕಾಯಿಲೆ ಮೇಲೆ 'ಮನಮಂಥನ' ಬರೆದ್ರು. ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಬಹುಮಾನ ಬಂತು, 1976ರಲ್ಲಿ. ಕಾದಂಬರಿಗೆ ಬರೋ ಬಹುಮಾನ ಕಾಯಿಲೆ ಪುಸ್ತಕಕ್ಕೆ ಬಂತು ಅಂತ ಆಗ ನಮಗೆಲ್ಲ ಆಶ್ಚರ್ಯ. ನಿಮ್ಹಾನ್ಸ್‌ನಲ್ಲಿದ್ದ ಚಂದ್ರಶೇಖರ್ ಎಷ್ಟು ಬರೆದಿದಾರೆ, ಸಣ್ಣ ಸಣ್ಣ ಪುಸ್ತಕ, ಹಳ್ಳಿ ಹೆಂಗಸರಿಗೂ ಅರ್ಥ ಆಗೋ ಹಾಗೆ. ಕನ್ನಡದಲ್ಲಿ ಇದು ಹೊಸದೇನಲ್ಲ. ಅವರೆಲ್ಲ ಡಾಕ್ಟರ ಕುರ್ಚೀಲಿ ಕೂತು ಬರೆದ್ರು. ನೀನು ಈ ಕಡೆ ಬೆಂಚಲ್ಲಿ ಕೂತು ಬರಿ.

ಮಗಳು: ಬರೆದ್ರೆ ಹೆಸರು ಹಾಕ್ಬೇಕು. ಹಾಕೋಕೆ ನಾನು ರೆಡಿ. ನೀವು ಬಿಡ್ತೀರಾ?

ಅಕ್ಕ ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿದರು. ಇಷ್ಟು ಹೊತ್ತು ಕಥೆಯ ಪರವಾಗಿ ವಾದಿಸಿದವರು ಅವರು. ಆದರೆ ಭಾನುವಾರ ಹುಡುಗಿಯನ್ನು ನೋಡಲು ಹೊಸದುರ್ಗದ ಕಡೆಯಿಂದ ಗಂಡಿನವರು ಬರುವುದಿತ್ತು, ಆ ಸಂಬಂಧ ತಂದವರೂ ಅವರೇ. ಅಲ್ಲಿಯವರೆಗೆ ಈ ವಿಷಯ ಯಾರ ಬಾಯಿಗೂ ಬಂದಿರಲಿಲ್ಲ.

ದೊಡ್ಡಮ್ಮ: ಅದು ಬೇರೆ ಮಾತು.

ಮಗಳು: ಅದೇ ಮಾತು. ನಾನು ಮೊದಲೇ ಹೇಳ್ತೀನಿ ಅವರಿಗೆ, ಮಾತ್ರೆ ತಗೋತಿದೀನಿ ಅಂತ.

ದೊಡ್ಡಮ್ಮ: ಹುಡುಗ ನಿನ್ನನ್ನ ಎರಡು ಸಲ ನೋಡ್ಲಿ, ನಾಲ್ಕು ಮಾತಾಡ್ಲಿ. ಆಮೇಲೆ ಹೇಳು. ಬಂದ ತಕ್ಷಣ ಉಪ್ಪಿಟ್ಟಿನ ತಟ್ಟೆ ಜೊತೆ ಇದನ್ನೂ ಇಟ್ರೆ ಅವರ ಕಣ್ಣಿಗೆ ನೀನು ಕಾಣಲ್ಲ ಕಣೇ, ನಾಗವಲ್ಲಿ ಕಾಣ್ತಾಳೆ.

ಮಗಳು: ಅದನ್ನೇ ಅಲ್ವಾ ನಾನು ಇಷ್ಟು ಹೊತ್ತೂ ಹೇಳ್ತಿರೋದು? ಕಥೆ ಜನರನ್ನ ಬದಲಾಯಿಸಿದ್ರೆ ನೀವು ಯಾಕೆ ಹೆದರಬೇಕು?

ದೊಡ್ಡಮ್ಮ: ಬದಲಾಯಿಸುತ್ತೆ, ನಿಧಾನವಾಗಿ ಬದಲಾಯಿಸುತ್ತೆ. ಮದುವೆ ಮುಹೂರ್ತಕ್ಕೆ ಸರಿಯಾಗಿ ಬದಲಾಯಿಸುತ್ತೆ ಅಂತ ನಾನು ಯಾವತ್ತು ಹೇಳ್ದೆ? ನಾನು ನಿಮ್ಮ ದೊಡ್ಡಪ್ಪನಿಗೆ ಆ ಬಾಣಂತನದ ವಿಷಯ ಬಾಯಿಬಿಟ್ಟು ಹೇಳಿದ್ದು ಮಕ್ಕಳು ಕಾಲೇಜಿಗೆ ಹೋದ ಮೇಲೆ.

ಮಗಳು: ಏನಂದ್ರು?

ದೊಡ್ಡಮ್ಮ: 'ಗೊತ್ತಿತ್ತು' ಅಂದ್ರು. ಅವರೂ ಅದೇ ಟೆಂಟಲ್ಲಿ ಸಿನಿಮಾ ನೋಡಿದ್ದವರಂತೆ.

ಮಗಳು: ಇಷ್ಟು ವರ್ಷ ಇಬ್ಬರೂ ಸುಮ್ಮನೆ ಇದ್ರಾ?

ದೊಡ್ಡಮ್ಮ: ಇದ್ವಿ. ಸುಮ್ಮನಿದ್ದೇ ಸಂಸಾರ ಮಾಡಿದ್ವಿ, ಚೆನ್ನಾಗೇ ಮಾಡಿದ್ವಿ.

ಮಗಳು: ನನ್ನ ಕೈಲಿ ಆಗಲ್ಲ ದೊಡ್ಡಮ್ಮ. ರಾತ್ರಿ ಬಾತ್‌ರೂಮಿಗೆ ಹೋಗಿ ಕದ್ದು ಮಾತ್ರೆ ನುಂಗೋಕೆ ನನ್ನ ಕೈಲಿ ಆಗಲ್ಲ. ಮುಚ್ಚಿಟ್ರೆ ನಾಳೆ ಅವರೇ ಮೋಸ ಅಂತಾರೆ, ಆಗ ಕಾಯಿಲೆ ಒಂದಾಗಿದ್ದು ಎರಡಾಗುತ್ತೆ.

ದೊಡ್ಡಮ್ಮ: ಹಂಗಿದ್ರೆ ಹೇಳು. ನಾನು ಅಡುಗೆಮನೇಲಿರ್ತೀನಿ.

ಮಗಳು: ಅಡುಗೆಮನೇಲಲ್ಲ. ನನ್ನ ಪಕ್ಕದಲ್ಲಿ ಕೂತ್ಕೊಳ್ಳಿ.

ದೊಡ್ಡಮ್ಮ: ಕೂತ್ರೆ ನನ್ನ ಬಾಯಿ ಸುಮ್ಮನಿರಲ್ಲ. ಆ ಹುಡುಗನ ಅಮ್ಮ ಒಂದೇ ಒಂದು ಸಲ ಮೂತಿ ತಿರುವಿದ್ರೂ, 'ನೀವು ಶರಪಂಜರ ನೋಡಿದೀರಾ' ಅಂತ ಕೇಳ್ಬಿಡ್ತೀನಿ.

ಮಗಳು: ಅವರು ನೋಡಿದೀನಿ ಅಂದ್ರೆ?

ದೊಡ್ಡಮ್ಮ: ಅದೇ ಭಯ ಕಣೇ ನನಗೆ.